ಮೂರನೆಯ ಕೋಚ್

ಅವರ ಅಂಗಿಯ ಬಲತೋಳು ಎಡತೋಳಿಗಿಂತ ಎರಡು ಬೆರಳು ಕೆಳಗೆ ಇಳಿದಿರುತ್ತಿತ್ತು. ದರ್ಜಿಯ ತಪ್ಪಲ್ಲ, ಬಲಭುಜವೇ ಜಗ್ಗಿ ಹೋಗಿತ್ತು. ಮೊದಲ ಸಲ ಚಿಕಿತ್ಸೆಗೆ ಬಂದಾಗ ಆ ಭುಜ ಒತ್ತಿ ನೋಡಿ, "ನೀವೆಂತ ಸಿಮೆಂಟ್ ಗೋಣಿ ಹೊರ್ತೀರಾ?" ಎಂದು ಕೇಳಿದ್ದೆ.

"ಹೊರುವುದಲ್ಲ ಸಿಸ್ಟರ್, ಬಿಸಾಡುವುದು," ಎಂದರು.

ಬಿಸಾಡುತ್ತಿದ್ದದ್ದು ಬೇಸ್‌ಬಾಲ್ ಚೆಂಡನ್ನು. ಕುವೈತ್ ಸಿಟಿಯ ಒಂದು ಖಾಸಗಿ ಕಾಲೇಜಿನಲ್ಲಿ ನಾನು ಫಿಸಿಯೋಥೆರಪಿಸ್ಟ್. ನರ್ಸಲ್ಲ, ಸಿಸ್ಟರ್ ಅನ್ನಬೇಡಿ ಎಂದು ಹೇಳಿ ಹೇಳಿ ಸೋತು, ಕೊನೆಗೆ ನಾನೂ ಎಲ್ಲರ ಹಾಗೆ ಅವರನ್ನು ಕಾಕಾ ಎನ್ನತೊಡಗಿದೆ. ಅವರು ಬಂಟ್ವಾಳದ ಕಡೆಯ ಬ್ಯಾರಿ, ನಾನು ಉಡುಪಿಯ ಕೊಂಕಣಿಯವಳು, ನಮ್ಮಿಬ್ಬರ ನಡುವೆ ಇದ್ದದ್ದು ಕನ್ನಡ. ಕಾಲೇಜಿನ ತಂಡದಲ್ಲಿ ಈಜಿಪ್ಟಿನ, ಲೆಬನಾನಿನ, ಫಿಲಿಪೀನ್ಸಿನ, ಕೇರಳದ ಹುಡುಗರಿದ್ದರು. ಅವರಿಗೂ ಇವರು ಕಾಕಾನೇ.

ಹೊಟ್ಟೆಪಾಡಿಗೆ ಅವರಿಗೆ ತೈಲ ಕಂಪನಿಯೊಂದರ ಗುತ್ತಿಗೆದಾರನ ಗೋದಾಮಿನಲ್ಲಿ ಕೆಲಸ. ಮನೆ ಅಬು ಹಲೀಫಾದಲ್ಲಿ. ಬಹಳ ಹಿಂದೆ ಅದೇ ಗೋದಾಮಿನ ಅಮೆರಿಕನ್ ಎಂಜಿನಿಯರುಗಳು ಶುಕ್ರವಾರ ಬೇಸ್‌ಬಾಲ್ ಆಡುತ್ತಿದ್ದರಂತೆ. "ಬ್ಯಾಟ್ ಹಿಡಿಲಿಕ್ಕೆ ಎಲ್ಲರೂ ಕ್ಯೂ. ಚೆಂಡು ಹಾಕ್ಲಿಕ್ಕೆ ಯಾರೂ ಇಲ್ಲ. ಊರಲ್ಲಿ ಟೆನಿಸ್ ಬಾಲ್ ಕ್ರಿಕೆಟ್‌ನಲ್ಲಿ ಹಾಕಿದವ ನಾನು, ಇಲ್ಲಿಯೂ ಹಾಕಿದೆ." ಕೈ ಮಡಚದೆ ಹಾಕುವವರು ಮಡಚಿ ಎಸೆಯುವುದನ್ನು ಕಲಿತರು. ಅಮೆರಿಕನ್ನರು ಹೊರಟು ಹೋದರು, ಇವರ ಹುಚ್ಚು ಹೋಗಲಿಲ್ಲ. ನಮ್ಮ ಕಾಲೇಜು ತಂಡ ಕಟ್ಟಿದಾಗ, ಕರೆಯುವ ಮೊದಲೇ ಬಂದು ಮೈದಾನದ ಬೇಲಿಯ ಬಳಿ ನಿಂತಿದ್ದರು.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಕಾಲೇಜು ಅಮೆರಿಕದ ಕಾಲೇಜುಗಳ ನಿಯಮವನ್ನು ತಂದು ಇಟ್ಟುಕೊಂಡಿತ್ತು. ತಂಡಕ್ಕೆ ಸಂಬಳದ ಕೋಚ್‌ಗಳು ಇಬ್ಬರೇ. ಮೂರನೆಯವನು ಬೇಕಾದರೆ ಬರಬಹುದು, ದುಡಿಯಬಹುದು, ಕೈಗೆ ಏನೂ ಇಲ್ಲ. ಸ್ಕಾಲರ್‌ಶಿಪ್ಪಿಗೂ ಹಾಗೆಯೇ ಮಿತಿ. ಇಡೀ ತಂಡಕ್ಕೆ ಸಿಗುವ ನಾಲ್ಕಾರು ಸ್ಕಾಲರ್‌ಶಿಪ್ಪನ್ನು ಅರ್ಧ, ಕಾಲು ಎಂದು ಕತ್ತರಿಸಿ ಹಂಚಬೇಕು. ಒಂದೇ ಅಂಜಲ್ ಮೀನನ್ನು ಮದುವೆ ಮನೆಗೆಲ್ಲ ಬಡಿಸಿದ ಹಾಗೆ. ಯಾರ ಹೊಟ್ಟೆಯೂ ತುಂಬದು, ಆದರೆ ಯಾರೂ ಎದ್ದು ಹೋಗುವಂತೆಯೂ ಇಲ್ಲ.

ಕಾಕಾ ಆ ಸಂಬಳವಿಲ್ಲದ ಮೂರನೆಯವರು. ಗೋದಾಮಿನ ಕೆಲಸ ಮುಗಿಸಿ, ಕಂಪನಿಯ ಬಸ್ಸಿನಿಂದ ಅರ್ಧ ದಾರಿಯಲ್ಲೇ ಇಳಿದು, ಬಿಸಿಲು ತಗ್ಗುವ ಹೊತ್ತಿಗೆ ಮೈದಾನಕ್ಕೆ ಬರುತ್ತಿದ್ದರು. ಒಬ್ಬೊಬ್ಬ ಹುಡುಗನಿಗೂ ಬ್ಯಾಟಿಂಗ್ ಅಭ್ಯಾಸಕ್ಕೆ ಚೆಂಡೆಸೆಯುವುದು ಅವರ ಕೆಲಸ. "ಯಲ್ಲಾ, ಇನ್ನೊಂದು" ಎಂಬುದು ಸೂರ್ಯ ಮುಳುಗಿ ಮಗ್ರಿಬ್ ಬಾಂಗ್ ಕೇಳುವವರೆಗೂ ನಡೆಯುತ್ತಿತ್ತು. ದೇವರಂಥ ಮನುಷ್ಯ ಎಂದು ನಾನು ಬರೆಯುವುದಿಲ್ಲ. ಅವರಿಗೆ ಮೂಗಿನ ತುದಿಯಲ್ಲೇ ಕೋಪ. ಯಾರಾದರೂ ತಡವಾಗಿ ಬಂದರೆ ಮೂರು ದಿನ ಮಾತು ಬಿಡುತ್ತಿದ್ದರು. ದೊಡ್ಡ ಕೋಚ್, ಅಮೆರಿಕದವನು, ಏನಾದರೂ ತಿದ್ದಿದರೆ ನನ್ನ ಬಳಿ ಬಂದು ಅರ್ಧ ಗಂಟೆ ಗೊಣಗುತ್ತಿದ್ದರು. ಮತ್ತೆ ಆ ಬಟ್ಟೆಯ ಆಸೆ! ಇಬ್ಬರು ಕೋಚ್‌ಗಳ ಜಾಕೆಟ್ಟಿನ ಬೆನ್ನ ಮೇಲೆ 'ಕೋಚ್' ಎಂದು ಬರೆದಿರುತ್ತಿತ್ತು. ಇವರದು ಅಂಗಡಿಯಿಂದ ಕೊಂಡ ಖಾಲಿ ಜಾಕೆಟ್. ತಂಡದ ಫೋಟೋ ತೆಗೆಯುವಾಗ ತುದಿಯಲ್ಲಿ ನಿಂತು, ಬೆನ್ನು ಯಾರಿಗೂ ಕಾಣದ ಹಾಗೆ ನೋಡಿಕೊಳ್ಳುತ್ತಿದ್ದರು. "ಬರುವ ವರ್ಷ ನಿಯಮ ಬದಲಾಗ್ತದೆ ಸಿಸ್ಟರ್. ಮೂರನೆಯವನಿಗೂ ಸಂಬಳ ಉಂಟಂತೆ." ಪ್ರತಿ ವರ್ಷ ಅದೇ ಮಾತು.

ಅವರ ಮಗನೂ ತಂಡದಲ್ಲಿದ್ದ. ಹೆಂಡತಿ ಇಲ್ಲೇ ಕಾಯಿಲೆಯಾಗಿ ತೀರಿಕೊಂಡ ಮೇಲೆ ಕಾಕಾ ಒಬ್ಬರೇ ಸಾಕಿದ ಹುಡುಗ. ಅಪ್ಪನನ್ನು 'ಉಪ್ಪ' ಎನ್ನುವುದೊಂದು ಬಿಟ್ಟರೆ, ಕನ್ನಡದಲ್ಲೋ ಬ್ಯಾರಿಯಲ್ಲೋ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವವನು. ಒಳ್ಳೆಯವನೇ, ಆದರೆ ಆಟ ಸಾಧಾರಣ. ಅಪ್ಪನ ಇಕಾಮಾದ, ಅಂದರೆ ವಾಸದ ಪರವಾನಗಿಯ ಮೇಲೆ ಇರುವ ವಯಸ್ಸು ಅವನಿಗೆ ದಾಟಿತ್ತು. ಕಾಲೇಜಿನಲ್ಲಿ ಓದುತ್ತಿದ್ದರೆ ಮಾತ್ರ ಈ ದೇಶದಲ್ಲಿರಬಹುದು. ತಂಡದಿಂದ ಸಿಗುತ್ತಿದ್ದ ಕಾಲು ಸ್ಕಾಲರ್‌ಶಿಪ್ ಇಲ್ಲದಿದ್ದರೆ ಫೀಸು ಕಟ್ಟಲು ಆಗದು, ಫೀಸು ಕಟ್ಟದಿದ್ದರೆ ವಿಮಾನ ಹತ್ತಬೇಕು. ಇದು ಕಾಕಾನ ತಲೆಯಲ್ಲಿ ಸದಾ ಕೊರೆಯುತ್ತಿತ್ತು.

ನಿಯಮ ಕೊನೆಗೂ ಬದಲಾಯಿತು. ಅಮೆರಿಕದಲ್ಲಿ ಬದಲಾಯಿತು, ಹಿಂದೆಯೇ ನಮ್ಮಲ್ಲೂ. ಮೂರನೆಯ ಕೋಚ್‌ಗೆ ಸಂಬಳ. ಕಾಕಾ ತಮ್ಮ ಕಫೀಲ್‌ನ, ಅಂದರೆ ಇಕಾಮಾ ಕೊಟ್ಟ ಧಣಿಯ ಕೈಕಾಲು ಹಿಡಿದು, ಸಂಜೆಯ ಕೆಲಸಕ್ಕೆ ಅನುಮತಿ ತಂದರು. ಹೊಸ ಜಾಕೆಟ್ ಬಂದ ದಿನ ಅದನ್ನು ತೊಟ್ಟುಕೊಂಡೇ ನನ್ನ ಬಾಗಿಲಲ್ಲಿ ನಿಂತಿದ್ದರು. ಜೂನ್ ತಿಂಗಳ ಕುವೈತಿನಲ್ಲಿ ಜಾಕೆಟ್! ಬೆವರು ಧಾರಾಕಾರ ಇಳಿಯುತ್ತಿತ್ತು. "ಹಿಂದೆ ನೋಡಿ ಸಿಸ್ಟರ್," ಎಂದು ತಿರುಗಿ ನಿಂತರು. ನಗುತ್ತಲೇ ಬೆವರೊರೆಸಿಕೊಳ್ಳಲು ಟವೆಲ್ ಕೊಟ್ಟೆ.

ಆದರೆ ಅದೇ ನಿಯಮದ ಉಳಿದರ್ಧವನ್ನು ಅವರು ಸರಿಯಾಗಿ ಕೇಳಿಸಿಕೊಂಡಿರಲಿಲ್ಲ. ಸ್ಕಾಲರ್‌ಶಿಪ್ಪಿನ ಮಿತಿ ಹೋಗಿತ್ತು, ತಂಡದಲ್ಲಿರುವ ಎಲ್ಲರಿಗೂ ಕೊಡಬಹುದಿತ್ತು. ಬದಲಿಗೆ ತಂಡದಲ್ಲಿ ಎಷ್ಟು ಜನ ಇರಬಹುದು ಎಂಬುದಕ್ಕೇ ಮಿತಿ ಬಂದಿತ್ತು. ಮಿಕ್ಕವರು ಹೊರಗೆ. ಯಾರು ಹೊರಗೆ ಎಂದು ಹೇಳಬೇಕಾದವರು ಕೋಚ್‌ಗಳು. ಸಂಬಳದ ಕೋಚ್ ಆಗಿ ಕಾಕಾ ಕೂತ ಮೊದಲ ಮೀಟಿಂಗ್ ಅದೇ.

ಆಟಗಾರರ ಆರೋಗ್ಯದ ವಿಷಯ ಹೇಳಲು ನಾನೂ ಅಲ್ಲಿದ್ದೆ. ಒಬ್ಬೊಬ್ಬರದಾಗಿ ತೀರ್ಮಾನವಾಗುತ್ತಾ ಕೊನೆಗೆ ಒಂದು ಜಾಗ ಉಳಿಯಿತು, ಇಬ್ಬರು ಹುಡುಗರು ಉಳಿದರು. ಒಬ್ಬ ಕಾಕಾನ ಮಗ. ಇನ್ನೊಬ್ಬ ಫಿಲಿಪಿನೋ ಹುಡುಗ, ತಾಯಿಗೆ ಸಲ್ವಾದ ಬ್ಯೂಟಿ ಪಾರ್ಲರಿನಲ್ಲಿ ಕೆಲಸ. ಅವನದೂ ಅದೇ ಗತಿ, ಸ್ಕಾಲರ್‌ಶಿಪ್ ಇಲ್ಲದಿದ್ದರೆ ಮನಿಲಾ. ಆಟದಲ್ಲಿ ಅವನು ಮೇಲು. ಅದು ಆ ಕೋಣೆಯಲ್ಲಿದ್ದ ನಮಗೆಲ್ಲರಿಗೂ ಗೊತ್ತಿತ್ತು. ದೊಡ್ಡ ಕೋಚ್ ಪೆನ್ನು ಕೆಳಗಿಟ್ಟು, "ನೀವೀಗ ಸ್ಟಾಫ್. ನೀವೇ ಹೇಳಿ," ಎಂದು ಕಾಕಾನಿಗೆ ಇಂಗ್ಲಿಷಿನಲ್ಲಿ ಹೇಳಿದ. ಅದು ಗೌರವವೋ, ಕೈ ತೊಳೆದುಕೊಳ್ಳುವ ಉಪಾಯವೋ, ನನಗೆ ಇವತ್ತಿಗೂ ತಿಳಿಯದು.

ಕಾಕಾ ಎದ್ದು ನಿಂತರು. ತಮ್ಮ ಹರುಕು ಇಂಗ್ಲಿಷಿನಲ್ಲಿ ಶುರುಮಾಡಿ, ಅದು ಸಾಲದೆ ನನ್ನ ಕಡೆ ತಿರುಗಿದರು. "ನೀವು ಹೇಳಿ ಸಿಸ್ಟರ್ ಇವರಿಗೆ. ಆ ಹುಡುಗ ನನ್ನ ಮಗನಿಗಿಂತ ಒಳ್ಳೆ ಆಡ್ತಾನೆ. ಅದು ನನಗೆ ಗೊತ್ತುಂಟು. ಆದ್ರೆ ನನ್ನ ಮಗನನ್ನು ಇಟ್ಟುಕೊಳ್ಳಿ. ಅವ ಹೋದ್ರೆ ಮನೆಯಲ್ಲಿ ನಾನೊಬ್ಬನೇ. ನನ್ನ ಸಂಬಳ ಬೇಡ, ಜಾಕೆಟ್ ಬೇಡ, ಅವನನ್ನು ಇಟ್ಟುಕೊಳ್ಳಿ." ನಾನು ಹೇಳಿದೆ, ಒಂದಕ್ಷರ ಬಿಡದೆ. ಸಹಾಯಕ ಕೋಚ್ ಕಿಟಕಿಯ ಕಡೆ ಮುಖ ಮಾಡಿದ. ದೊಡ್ಡ ಕೋಚ್ ಆಗಲಿ ಎಂದು ತಲೆಯಾಡಿಸಿದ. ಸಂಬಳ ಬೇಡವೆಂದದ್ದನ್ನು ಯಾರೂ ತಲೆಗೆ ಹಾಕಿಕೊಳ್ಳಲಿಲ್ಲ. ಮಗ ಉಳಿದ.

ಫಿಲಿಪಿನೋ ಹುಡುಗ ಊರಿಗೆ ಹೊರಡುವ ಮೊದಲು ಮೈದಾನಕ್ಕೆ ಬಂದ. ಅವನಿಗೆ ಏನೂ ಗೊತ್ತಿರಲಿಲ್ಲ. ಕಾಕಾನ ಎರಡೂ ಕೈ ಹಿಡಿದು, "ಥ್ಯಾಂಕ್ ಯೂ, ಕಾಕಾ. ನಿಮ್ಮಿಂದಲೇ ಬ್ಯಾಟ್ ಹಿಡಿಯಲು ಕಲಿತೆ," ಎಂದ. ಕಾಕಾ ಅಂದು ಸಂಜೆ ಒಂದು ಚೆಂಡನ್ನೂ ಎಸೆಯಲಿಲ್ಲ. ಹುಡುಗರು ಬ್ಯಾಟ್ ಹಿಡಿದು ಕಾದು ಕಾದು ಮನೆಗೆ ಹೋದರು.

ಇಂಥದ್ದು ಎಷ್ಟು ದಿನ ಮುಚ್ಚಿಡಲು ಆಗುತ್ತದೆ? ಕಾಲೇಜು ತೆರೆದ ಮೇಲೆ ಒಂದು ದಿನ ಸುಲಭದ ಚೆಂಡೊಂದನ್ನು ಮಗ ಕೈಚೆಲ್ಲಿದ. ಸಹಾಯಕ ಕೋಚ್ ಸಿಟ್ಟಿನಲ್ಲಿ, ಎಲ್ಲರ ಎದುರಿಗೆ, "ನಿನ್ನಪ್ಪ ಬೇಡಿಕೊಂಡು ತಂದ ಜಾಗ ಇದು, ನೆನಪಿರಲಿ," ಎಂದುಬಿಟ್ಟ. ಹುಡುಗ ಕೈಗವಸನ್ನು ಅಲ್ಲೇ ಕಳಚಿಟ್ಟು ಅಪ್ಪನ ಮುಂದೆಯೇ ನಡೆದು ಹೋದ. ಮತ್ತೆ ಮೈದಾನಕ್ಕೆ ಬರಲಿಲ್ಲ. ತಂಡ ಬಿಟ್ಟ ಮೇಲೆ ಸ್ಕಾಲರ್‌ಶಿಪ್ ಎಲ್ಲಿಯದು? ಮಂಗಳೂರಿನ ಒಂದು ಕಾಲೇಜಿಗೆ ತಾನೇ ಅರ್ಜಿ ಹಾಕಿಕೊಂಡು, ಅಪ್ಪನೊಡನೆ ಮಾತಿಲ್ಲದೆ ಹೊರಟುಹೋದ.

ಹೋದ ಹುಡುಗನನ್ನು ಮನಿಲಾದಿಂದ ವಾಪಸ್ ಕರೆಸಲು ಕಾಕಾ ಓಡಾಡಿದರು. ಆಫೀಸಿನವರು ಆಗುವುದಿಲ್ಲ ಎಂದು ಕೈಯಾಡಿಸಿದರು. ಅವನ ಇಕಾಮಾ ರದ್ದಾಗಿದೆ, ಖಲಾಸ್. ಆ ಜಾಗ ಆ ವರ್ಷವಿಡೀ ಖಾಲಿಯೇ ಉಳಿಯಿತು.

ಆಮೇಲೆಯೂ ಅವರು ವಾರಕ್ಕೊಮ್ಮೆ ಚಿಕಿತ್ಸೆಗೆ ಬರುತ್ತಿದ್ದರು. ಭುಜದ ನೋವು ಕಡಿಮೆಯಾಗಿತ್ತು, ಎಸೆಯುವುದೇ ಕಡಿಮೆಯಾಗಿತ್ತಲ್ಲ. ಬಂದರೆ ಸುಮ್ಮನೆ ಮಲಗಿ ಚಾವಣಿ ನೋಡುತ್ತಿದ್ದರು. "ಮಗ ಫೋನ್ ಎತ್ತುದಿಲ್ಲ ಸಿಸ್ಟರ್," ಎಂದರು ಒಮ್ಮೆ. "ನಾನು ಒಬ್ಬನನ್ನು ಉಳಿಸ್ಲಿಕ್ಕೆ ಹೋದೆ. ಇಬ್ಬರೂ ಹೋದ್ರು." ಅವರು ಮಾಡಿದ್ದು ತಪ್ಪು. ಆ ಪಾರ್ಲರಿನ ತಾಯಿಯ ಮುಖ ನೆನೆದರೆ ನನಗೆ ಇವತ್ತೂ ಸಂಕಟವಾಗುತ್ತದೆ. ಆದರೂ ಆ ಮನುಷ್ಯನ ಮೇಲೆ ಸಿಟ್ಟು ಮಾಡಲು ನನ್ನಿಂದ ಆಗಲಿಲ್ಲ.

ಕಳೆದ ಚಳಿಗಾಲದ ಒಂದು ಶುಕ್ರವಾರ ಅವರು ಜುಮಾ ನಮಾಜಿಗೆ ಬರಲಿಲ್ಲ. ಪಕ್ಕದ ಮನೆಯವರು ಬಾಗಿಲು ತೆಗೆಸಿ ನೋಡಿದಾಗ ಹಾಸಿಗೆಯಲ್ಲೇ ಹೋಗಿಬಿಟ್ಟಿದ್ದರು. ಹೃದಯ ನಿಂತಿತು ಎಂದರು ಡಾಕ್ಟರು. ಮಗ ಬರುವವರೆಗೆ ಕಾದು, ಇಲ್ಲಿಯೇ ದಫನ್ ಮಾಡಿದರು. ಖಬರಸ್ತಾನಕ್ಕೆ ಹೆಂಗಸರು ಹೋಗುವ ಪದ್ಧತಿಯಿಲ್ಲ, ನಾನು ಹೋಗಲಿಲ್ಲ.

ಮೂರನೆಯ ದಿನ ಮಗನೇ ನನ್ನ ಕೋಣೆಗೆ ಬಂದ. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಾಗಿತ್ತು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಆಂಟಿ, ಅವತ್ತು ಮೀಟಿಂಗಿನಲ್ಲಿ ನೀವು ಇದ್ರಲ್ಲ. ಪ್ಲೀಸ್, ಟೆಲ್ ಮಿ ದ ಟ್ರುಥ್. ನಾನು ಬೆಟರ್ ಪ್ಲೇಯರ್ ಅಂತ ಉಪ್ಪ ಸುಳ್ಳು ಹೇಳಿದ್ರಾ?"

"ಇಲ್ಲ ಮಗಾ," ಎಂದೆ. "ಮನಿಲಾದ ಆ ಹುಡುಗನೇ ನಿನಗಿಂತ ಒಳ್ಳೆ ಆಡ್ತಾನೆ ಅಂತಲೇ ಹೇಳಿದ್ರು. ಹೇಳಿ, ಆದ್ರೂ ನೀನೇ ಬೇಕು ಅಂದ್ರು."

ಹುಡುಗ ಗೋಡೆಗೆ ಒರಗಿ ನಿಂತ. ನಿಂತಲ್ಲೇ ಕುಸಿದು ಕೂತು, ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತ. ನಾನು ಬಾಗಿಲು ಮುಂದೆ ಮಾಡಿ, ಅವನ ಪಕ್ಕದಲ್ಲಿ ನೆಲದ ಮೇಲೆಯೇ ಕೂತೆ.