ಗೇಟಿಗೆ ಅಡ್ಡ ಬಿದ್ದ ಅರಳಿಮರ

ಬಸವನಗುಡಿಯ ಒಂದು ವಿಶ್ವವಿದ್ಯಾಲಯದಲ್ಲಿ ಕಟ್ಟಡಗಳ ಉಸ್ತುವಾರಿ ನನ್ನ ಗಂಡನದಾಗಿತ್ತು. ಆವರಣದೊಳಗೇ ನಮ್ಮ ಮನೆ. ಗೇಟಿನ ಪಕ್ಕದ ಅರಳಿಮರದ ಒಂದು ರೆಂಬೆ ಸವರಬೇಕಾದರೂ ಅವರು ಆಂಜನೇಯನ ಗುಡಿಯ ಅರ್ಚಕರನ್ನು ಕರೆಸಿ, ಕುಂಕುಮವಿಡಿಸಿ, ಮಂಗಳಾರತಿ ಆದ ಮೇಲೆಯೇ ಕೊಡಲಿ ಹಾಕಿಸುತ್ತಿದ್ದರು. ನಾನೂ ಅದನ್ನು ಒಳ್ಳೆಯತನವೆಂದೇ ತಿಳಿದಿದ್ದೆ.

ಆ ಸಂಜೆಯ ಬಿರುಗಾಳಿ ಮಳೆಗೆ ಮರ ಬುಡಸಹಿತ ಕಿತ್ತು ಗೇಟಿಗೆ ಅಡ್ಡ ಬಿತ್ತು. ಅವರು ಮೇನ್ ಸ್ವಿಚ್ ಆರಿಸಿದರು. ಶೀಟು ಹಾರಿಹೋದ ಹಾಸ್ಟೆಲಿನಿಂದ ಹುಡುಗಿಯರನ್ನು ಸಭಾಂಗಣಕ್ಕೆ ಸಾಗಿಸಿದರು, ಅಡುಗೆಯವರಿಗೆ ಅನ್ನ-ಸಾರು ಮಾಡಲು ಹೇಳಿದರು. ಮರ ಕುಯ್ಯುವವರು ಗರಗಸ ತಂದಾಗ ಮಾತ್ರ ಕೈ ಅಡ್ಡ ಹಿಡಿದರು. ಅರ್ಚಕರು ಬರಲಿ, ಅಲ್ಲಿಯವರೆಗೆ ಯಾರೂ ಮುಟ್ಟಬೇಡಿ ಎಂದರು. ಹಾಗೆಂದವರು ಸ್ವಲ್ಪ ಹೊತ್ತಿಗೇ ಎದೆ ಹಿಡಿದುಕೊಂಡು, ಒಡೆದುಳಿದ ಅರಳಿಕಟ್ಟೆಯ ಮೇಲೆ ಕುಸಿದರು.

ಆಂಬುಲೆನ್ಸ್ ಬಂದು ಮರದ ಆಚೆ ನಿಂತಿತು. ಅದರ ಹುಡುಗ ಕೊಂಬೆಗಳ ನಡುವೆ ನುಸುಳಿ ಬಂದು ನಾಡಿ ನೋಡಿ, ಬೇಗ ಸಾಗಿಸಬೇಕು ಎಂದ. ಸ್ಟ್ರೆಚರ್ ನುಸುಳಲಿಲ್ಲ, ಅವರನ್ನು ಎತ್ತಿ ದಾಟಿಸಲೂ ಜಾಗವಿರಲಿಲ್ಲ. ಹಿಂದಿನ ಗೇಟಿನಲ್ಲಿ ಎದೆಮಟ್ಟದ ನೀರು. ನಾನು ಗರಗಸದವರಿಗೆ ಕೈಮುಗಿದೆ.

“ಕುಯ್ರಪ್ಪಾ. ಪಾಪ ಬಂದ್ರೆ ನನಗೆ ಬರ್ಲಿ.”

ಅವರಲ್ಲಿ ಹಿರಿಯವನು ತಲೆ ತಗ್ಗಿಸಿದ. “ಸಾರೇ ಬೇಡ ಅಂದಿದಾರಲ್ಲಮ್ಮ. ಅವರ ಮಾತು ಮೀರಿ ಕುಯ್ದು, ಅವರಿಗೇ ಏನಾದ್ರೂ ಆದ್ರೆ?”

ಅಲ್ಲೇ ನಿಂತಿದ್ದ ಕುಲಪತಿಗಳ ಕಡೆ ನೋಡಿದೆ. ವಿಜ್ಞಾನ ಓದಿದವರು. ಅರ್ಚಕರು ಮನೆ ಬಿಟ್ಟಿದ್ದಾರಂತೆ, ಇನ್ನೇನು ಬಂದುಬಿಡುತ್ತಾರೆ ಎಂದರು.

ಅರ್ಚಕರು ಪಂಚೆ ಎತ್ತಿ ಕಟ್ಟಿ, ಕೊಂಬೆಗಳಲ್ಲಿ ತೂರಿಕೊಂಡು ಬಂದರು. ನನ್ನ ಗಂಡನ ಮುಖ ನೋಡಿದವರೇ ಆರತಿ ತಟ್ಟೆ ಕೆಳಗಿಟ್ಟುಬಿಟ್ಟರು.

“ಜೀವ ಹೋಗ್ತಿದೆ, ಮಂತ್ರ ಏನ್ಮಾಡತ್ತೆ? ಕುಯ್ರಯ್ಯ ಮೊದ್ಲು.”

ಗರಗಸ ಶುರುವಾಯಿತು. ದಾರಿಯಾಗುವ ಹೊತ್ತಿಗೆ ಆಂಬುಲೆನ್ಸಿಗೆ ಅವಸರವೇನೂ ಉಳಿದಿರಲಿಲ್ಲ.

ಮೊನ್ನೆ ಅವರ ನೆನಪಿಗೆಂದು ಅರಳಿಯ ಸಸಿ ನೆಟ್ಟರು. ನೀರೆರೆಯಲು ಮುತ್ತೈದೆಯರನ್ನು ಕರೆದಿದ್ದರು. ನನಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿದ್ದರು. ಗೇಟಿನಿಂದ ದೂರ ನೆಡಿ ಎಂದು ಮೊದಲೇ ಬೇಡಿಕೊಂಡಿದ್ದೆ.

“ಹಳೇ ಜಾಗಾನೇ ಶ್ರೇಷ್ಠ ಅಂತಾರಮ್ಮ,” ಎಂದಿದ್ದರು ಕುಲಪತಿಗಳು. “ನಿಮ್ಮ ಯಜಮಾನ್ರು ಇದ್ದಿದ್ರೂ ಇದನ್ನೇ ಹೇಳ್ತಿದ್ರು.”

ಹೌದು, ಹೇಳುತ್ತಿದ್ದರು. ಅದಕ್ಕೇ ಅವರ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ.