ಫಿನಾಯಿಲ್ ಹಾಕಿ ತೊಳೆದ ನಲ್ಲಿ

ನಾನು ಚಿಕ್ಕವಳಿದ್ದಾಗ ನಾವು ಸೌದಿಯ ಒಂದು ಎಣ್ಣೆ ಕ್ಯಾಂಪಿನ ಬೇಲಿಯ ಹೊರಗೆ ಇದ್ದೆವು. ಅಪ್ಪ ಗುತ್ತಿಗೆ ಕಂಪನಿಯೊಂದರಲ್ಲಿ ನಲ್ಲಿ, ಪೈಪುಗಳ ಫಿಟ್ಟರ್. ಬೇಲಿಯ ಒಳಗೆ ಬಿಳಿಯರ ಆಫೀಸು, ಅಲ್ಲಿ ತಣ್ಣೀರಿನ ಯಂತ್ರ. ಅರಬರಿಗೆ, ನಮ್ಮವರಿಗೆ ಬಿಸಿಲಲ್ಲಿಟ್ಟ ತಗಡಿನ ಟ್ಯಾಂಕು. ಆ ನೀರು ಉಪ್ಪುಪ್ಪು, ತುಕ್ಕಿನ ವಾಸನೆ ಬೇರೆ.

ಆ ದಿನ ಮುಷ್ಕರ. ಅರಬ್ ಕೆಲಸಗಾರರು ಗೇಟಿನ ಹೊರಗೆ ಮರಳಿನ ಮೇಲೆ ಕೂತಿದ್ದರು. ಅವರು ಕೇಳುತ್ತಿದ್ದುದರಲ್ಲಿ ಒಂದು, ಎಲ್ಲರಿಗೂ ಒಂದೇ ತಣ್ಣೀರು. ಭಾರತದವರು ಜೊತೆಗೆ ಕೂತರೆ ಮುಂದಿನ ಹಡಗಿಗೆ ಹತ್ತಿಸುತ್ತೇವೆ ಎಂದು ಕಂಪನಿ ಮೊದಲೇ ಹೇಳಿತ್ತು. ಹಾಗಾಗಿ ಅಪ್ಪ ತಲೆ ತಗ್ಗಿಸಿಕೊಂಡು ಕೆಲಸಕ್ಕೆ ಹೋಗಿದ್ದರು.

ಮಧ್ಯಾಹ್ನ ಅಕ್ಕ ಮತ್ತು ನಾನು ಬುತ್ತಿ ಒಯ್ದೆವು. ಅಪ್ಪನ ಜೊತೆ ದಿನವೂ ಪೈಪು ಹೊರುತ್ತಿದ್ದ ಅರಬ ಗೆಳೆಯ ಗೇಟಿನ ಬಳಿ ಕೂತಿದ್ದ. “ಯಲ್ಲಾ, ಬೇಗ ಹೋಗಿ. ನಿಮ್ಮಪ್ಪ ಸಾಹೇಬರ ಗಂಟಲು ತಂಪು ಮಾಡ್ತಿದ್ದಾನೆ” ಎಂದು ಹರುಕು ಹಿಂದಿಯಲ್ಲಿ ಕೆಣಕಿದ. ಅಕ್ಕ ನನ್ನ ಕೈ ಬಿಗಿಹಿಡಿದು ನಡೆದಳು.

ಆಫೀಸಿನ ಜಗಲಿಯಲ್ಲಿ ಅಪ್ಪ ಕೆಟ್ಟುಹೋದ ತಣ್ಣೀರಿನ ಯಂತ್ರದ ಕೊನೆಯ ನಟ್ಟು ಬಿಗಿಯುತ್ತಿದ್ದರು. ಸರಿಮಾಡಿದವನೇ ಮೊದಲ ಗುಟುಕು ಕುಡಿದು ನೋಡುವುದು ಅವರ ಕೆಲಸದ ಕ್ರಮ. ನೀರಿಗೆ ಗ್ರೀಸು ತಾಗಿದ್ದರೆ ನಾಲಿಗೆಗೆ ಗೊತ್ತಾಗುತ್ತದೆ. ಅಪ್ಪ ಅದರ ನಲ್ಲಿಗೆ ಬೊಗಸೆಯೊಡ್ಡಿ ಕುಡಿದರು.

ಒಳಗಿನಿಂದ ಸಾಹೇಬ ನೋಡಿದ. ಬಯ್ಯಲಿಲ್ಲ. ಫಿನಾಯಿಲ್ ಬಾಟಲಿ, ಬಟ್ಟೆಚೂರು ತಂದು ಅಪ್ಪನ ಕೈಗಿಟ್ಟು ನಲ್ಲಿ ತೋರಿಸಿದ. ಅಪ್ಪ ತೊಳೆದರು. ಅವನು ಬಗ್ಗಿ ಮೂಸಿ, ಇನ್ನೊಮ್ಮೆ ಎಂದು ಬೆರಳೆತ್ತಿದ. ಅಪ್ಪ ಇನ್ನೊಮ್ಮೆ ತೊಳೆದರು. ಆಮೇಲೆ ಸ್ಪಾನರನ್ನು ಯಂತ್ರದ ಮೇಲಿಟ್ಟು ನಮ್ಮ ಕಡೆ ತಿರುಗಿದರು.

“ಬನ್ನಿ ಮಕ್ಕಳೇ, ಹೊರಗೆ ಕೂತು ಉಣ್ಣುವ.”

ಗೇಟು ದಾಟಿ ಮರಳಿನ ಮೇಲೆ ಕೂತೆವು. ಗೆಳೆಯ ಸರಿದು ಜಾಗ ಕೊಟ್ಟ. ಅಪ್ಪ ಮೀನು ಸಾರಿನ ಅನ್ನ ಕಲಸಿ ನನ್ನ ಬಾಯಿಗಿಟ್ಟರು. ಮರಳಲ್ಲಿ ಎಷ್ಟು ಉಜ್ಜಿಕೊಂಡಿದ್ದರೂ ಅವರ ಕೈಯಿಂದ ಫಿನಾಯಿಲ್ ನಾತ ಹೋಗಿರಲಿಲ್ಲ. ಅವರ ಮುಖ ನೋಡಿ ನುಂಗಿದೆ. ಆ ಹೇಸಿಗೆ ಇಂದಿಗೂ ಗಂಟಲಿನಿಂದ ಇಳಿದಿಲ್ಲ. ಕಂಪನಿ ಹೇಳಿದಂತೆಯೇ ಮಾಡಿತು. ಮುಂದಿನ ಹಡಗಿನಲ್ಲಿ ನಾವು ಊರಿಗೆ ಮರಳಿದೆವು.

ಮೊಮ್ಮಕ್ಕಳೇ, ನೀವು ಅದೇ ಸೌದಿಯ ದಹ್ರಾನಿನಲ್ಲಿ ಹುಟ್ಟಿದವರು. ನಿಮ್ಮ ಫ್ರಿಜ್ಜಿನ ಬಾಗಿಲಿನಿಂದಲೇ ಐಸು ಬೀಳುತ್ತದೆ. ನಿಮ್ಮ ಶಾಲೆಯ ನಲ್ಲಿಗೆ ಯಾರು ಬೇಕಾದರೂ ಬಾಯಿ ಒಡ್ಡಬಹುದು. ಆದರೆ ನಿಮ್ಮ ಅಡುಗೆಮನೆಯ ಸಿಂಕಿನ ಕೆಳಗೆ, ಫಿನಾಯಿಲ್ ಬಾಟಲಿಯ ಪಕ್ಕದಲ್ಲಿ, ಮನೆ ಒರೆಸಲು ಬರುವವನಿಗೆಂದು ಒಂದು ಸ್ಟೀಲ್ ಲೋಟ ಬೇರೆ ಇಟ್ಟಿದ್ದೀರಿ. ಇವತ್ತು ಬೆಳಿಗ್ಗೆ ಅವನಿಗೆ ನನ್ನ ಲೋಟದಲ್ಲಿ ಚಹಾ ಕೊಟ್ಟೆ. ಆ ಸ್ಟೀಲ್ ಲೋಟದಲ್ಲಿ ನಾನು ಕುಡಿದೆ.