ಟಿಕೆಟ್ಟಿನ ಹಿಂದೆ ಬರೆದ ನಿಮಿಷಗಳು

ತಾಳಿಕೋಟೆಯಿಂದ ಮುದ್ದೇಬಿಹಾಳಕ್ಕೆ ಹೋಗುವ ಬೆಳಗಿನ ಬಸ್ಸಿನ ಆ ಕಂಡಕ್ಟರಮ್ಮ ಯಾವುದಕ್ಕೂ "ಗಡಿಬಿಡಿ ಬ್ಯಾಡ್ರಿ" ಎನ್ನುತ್ತಿದ್ದರು. ಕಾಲೇಜಿಗೆ ಹೊರಟ ನನ್ನ ಮಗಳಿಗೆ ಬಸ್ಸಿನಲ್ಲೇ ಮೂರ್ಛೆರೋಗದ ಸೆಳೆತ ಬಂದಾಗ, ಕೈಗೆ ಕಬ್ಬಿಣ ಹಿಡಿಸಲು ಚಾವಿ ಗೊಂಚಲು ತೆಗೆದವನು ಪಕ್ಕದಲ್ಲೇ ಕೂತಿದ್ದ ನಾನೇ.

"ಗಡಿಬಿಡಿ ಬ್ಯಾಡ್ರಿ ಕಾಕಾ. ಚಾವಿ ಕಿಸೇದಾಗ ಇಟ್ಟು ಗಡಿಯಾರ ನೋಡ್ರಿ. ಐದು ನಿಮಿಷ ದಾಟಿದ್ರ ಸೀದಾ ದವಾಖಾನಿಗೆ ಹೋಗೂಣು." ಮಗಳನ್ನು ಮಗ್ಗುಲಾಗಿ ಮಲಗಿಸಿ, ಅವಳ ತಲೆಯ ಕೆಳಗೆ ತಮ್ಮ ಚೀಲವಿಟ್ಟರು.

ಎರಡು ನಿಮಿಷಕ್ಕೆ ಸೆಳೆತ ನಿಂತಿತು. ಡಾಕ್ಟರಿಗೆ ತೋರಿಸಲೆಂದು ಆ ನಿಮಿಷದ ಲೆಕ್ಕವನ್ನು ಟಿಕೆಟ್ಟಿನ ಹಿಂದೆ ಬರೆದುಕೊಟ್ಟರು.

"ಇನ್ನ ಈಕಿ ಕಾಲೇಜು ಸಾಕು ಬಿಡ್ರಿ," ಎಂದೆ.

"ಯಾಕ್ರಿ? ಬಸ್ಸಿನಾಗ ಇಷ್ಟು ಮಂದಿ ಅದೇವಿ, ನಾವೇನು ಗೊಂಬಿಗೋಳೇನ್ರಿ?"

ಮಗಳು ಕಾಲೇಜು ಬಿಡಲಿಲ್ಲ. ಕಳೆದ ವಾರ ಇನ್ನೊಂದು ಟಿಕೆಟ್ ತಂದಳು. ಹಿಂದೆ ಯಾರದೋ ಸೊಟ್ಟ ಅಕ್ಷರದಲ್ಲಿ 'ಒಂದೂವರೆ ನಿಮಿಷ' ಎಂದಿತ್ತು. ಕಂಡಕ್ಟರಮ್ಮ ವರ್ಗವಾಗಿ ಇಂಡಿಗೆ ಹೋಗಿ ಆಗಲೇ ಮೂರು ತಿಂಗಳಾಗಿತ್ತು.